ಒಂದನೇ ಬೆಡ್

ಆ ಮನೆಯಲ್ಲಿ ನರ್ಸುಗಳು ಇಬ್ಬರು, ರೋಗಿ ಒಬ್ಬನೇ. ಯಾವ ಆಸ್ಪತ್ರೆಯಲ್ಲೂ ಇಂಥ ಭಾಗ್ಯ ಯಾರಿಗೂ ಸಿಕ್ಕಿಲ್ಲ ಎಂದು ಸೊಸೆ ಮೊದಲ ವಾರ ತಮಾಷೆ ಮಾಡಿದ್ದಳು. ಆಗ ಎಲ್ಲರೂ ನಕ್ಕಿದ್ದರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಅಮ್ಮ ವಾರ್ಡಿನ ಇನ್‌ಚಾರ್ಜ್ ಆಗಿ ನಿವೃತ್ತಿ ಹೊಂದಿದವಳು. ಬೀದಿಯವರು ಇವತ್ತಿಗೂ ಅವಳನ್ನು ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಾರೆ, ಬಿ.ಪಿ. ನೋಡಿಸಿಕೊಳ್ಳಲು ಬಂದವರು ಕುರ್ಚಿಯಲ್ಲಿ ನೆಟ್ಟಗೆ ಕೂರದಿದ್ದರೆ ಬೈಸಿಕೊಂಡು ಹೋಗುತ್ತಾರೆ. ಮಗಳೂ ಅದೇ ಕೆಲಸ ಹಿಡಿದಳು. ಇನ್ನು ಗುಣವಾಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದವರನ್ನು ಮಲಗಿಸುವ ವಾರ್ಡು ಅವಳದು. ಮದುವೆ ಮಾಡಿಕೊಳ್ಳಲಿಲ್ಲ, ಏಕೆ ಎಂದು ಕೇಳುವುದನ್ನು ಮನೆಯವರು ಎಂದೋ ಬಿಟ್ಟಿದ್ದರು. ಅವಳ ತಮ್ಮ ಬಣ್ಣದ ಅಂಗಡಿ ನಡೆಸುತ್ತಿದ್ದ. ಅವನ ಹೆಂಡತಿಗೆ ಮನೆಯ ಅಡುಗೆ, ಬಟ್ಟೆ, ಮಧ್ಯೆ ಬಿಡುವಾದರೆ ಹೊಲಿಗೆ ಯಂತ್ರ.

ಅಪ್ಪ ಬಸ್ ಡ್ರೈವರ್ ಆಗಿದ್ದವನು. ಎರಡನೇ ಸಲ ಲಕ್ವ ಹೊಡೆದ ಮೇಲೆ ಮಾತು ಹೋಯಿತು, ಒಂದು ಪಕ್ಕ ಹೋಯಿತು, ಕೊನೆಗೆ ನುಂಗುವುದೂ ಹೋಯಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ನೋಡಿದ ಡಾಕ್ಟರು, "ಇನ್ನು ಚೇತರಿಸ್ಕೊಳ್ಳೋದು ಕಷ್ಟ. ಮನೇಲೇ ಆರಾಮವಾಗಿ ಇಟ್ಕೊಳ್ಳಿ. ಮೂಗಿಗೆ ಟ್ಯೂಬ್ ಹಾಕಿ ಊಟ ಕೊಡ್ಬೇಕಾ ಬೇಡ್ವಾ ಅನ್ನೋದನ್ನ ನೀವೇ ಮಾತಾಡ್ಕೊಳ್ಳಿ, ತಿಳಿದವರು ಇಬ್ರಿದ್ದೀರಲ್ಲ" ಎಂದು ಜಾರಿಕೊಂಡರು.

ಮಾತಾಡಿಕೊಳ್ಳುವುದಕ್ಕೆ ಅಮ್ಮ ಅವಕಾಶವನ್ನೇ ಕೊಡಲಿಲ್ಲ. ಮಗಳು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅಪ್ಪನ ಮೂಗಿನಲ್ಲಿ ಟ್ಯೂಬ್ ಇತ್ತು, ಕೆನ್ನೆಯ ಮೇಲೆ ಪ್ಲಾಸ್ಟರ್ ಒಂದು ಸುಕ್ಕೂ ಇಲ್ಲದೆ ಅಂಟಿತ್ತು, ಅಡುಗೆಮನೆಯಲ್ಲಿ ಸೊಸೆ ಹಾಲು ಸೋಸುತ್ತಿದ್ದಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಮಗಳು ಹೆಗಲಿನ ಬ್ಯಾಗು ಕೂಡ ಇಳಿಸದೆ ಕೇಳಿದಳು.

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

"ಅಮ್ಮಾ, ಹೋಗೋಕೆ ಸಿದ್ಧವಾಗಿರೋ ದೇಹ ಊಟ ಕೇಳಲ್ಲ. ಹಸಿವೇ ಇರಲ್ಲ. ನಾವು ತುಂಬಿಸಿದ್ದು ನೀರಾಗಿ ಎದೇಲೋ ಕಾಲಲ್ಲೋ ಹೋಗಿ ನಿಂತ್ಕೊಳ್ಳತ್ತೆ. ದಿನಾ ನೋಡ್ತೀನಿ ನಾನು."

"ನೀನು ಈಗ ನೋಡ್ತಿದೀಯ. ನಾನು ನೋಡ್ತಾ ನೋಡ್ತಾ ಕೂದಲು ಬೆಳ್ಳಗಾಯ್ತು. ನನ್ನ ವಾರ್ಡಲ್ಲಿ ಯಾರೂ ಖಾಲಿ ಹೊಟ್ಟೇಲಿ ಹೋಗಿಲ್ಲ."

"ಅಪ್ಪನೇ ಹೇಳಿರಲಿಲ್ವಾ? ಮೊದಲನೇ ಸಲ ಲಕ್ವ ಹೊಡೆದಾಗ. ನನಗೆ ಮಾತ್ರ ಆ ಡೀಸೆಲ್ ಪೈಪು ಹಾಕ್ಬೇಡ್ರಮ್ಮ ಅಂತ."

"ಅದು ತಮಾಷೆಗೆ. ನಿಮ್ಮಪ್ಪ ಯಾವ ಮಾತನ್ನ ತಮಾಷೆ ಬಿಟ್ಟು ಹೇಳಿದಾರೆ?"

ಅದೂ ನಿಜವೇ. ಮದುವೆಯಾಗುತ್ತೀಯಾ ಎಂದು ಅಮ್ಮನನ್ನು ಕೇಳಿದ್ದೂ ಅವನು ತಮಾಷೆಯಲ್ಲೇ. ಮಗಳು ಬ್ಯಾಗು ಇಳಿಸಿ ಸ್ನಾನಕ್ಕೆ ಹೋದಳು.

ಅಪ್ಪನ ಬಲಗೈಯಲ್ಲಿ ಮಾತ್ರ ಇನ್ನೂ ಶಕ್ತಿ ಉಳಿದಿತ್ತು. ಆ ಕೈಯಿಂದ ಅವನು ಎರಡು ಸಲ ಟ್ಯೂಬ್ ಎಳೆದು ಹಾಕಿದ. ಅಮ್ಮ ಎರಡು ಸಲವೂ ಮತ್ತೆ ಹಾಕಿ, ಆ ಕೈಗೆ ಒಂದು ಉಣ್ಣೆಯ ಕಾಲುಚೀಲ ತೊಡಿಸಿ, ಮಣಿಕಟ್ಟಿನ ಹತ್ತಿರ ಬ್ಯಾಂಡೇಜ್ ಬಟ್ಟೆಯಿಂದ ಗಂಟು ಹಾಕಿದಳು. ಮಗಳು ಬಂದರೆ ಗಂಟು ಬಿಚ್ಚುತ್ತಿದ್ದಳು. ಅಮ್ಮ ಬಂದರೆ ಮತ್ತೆ ಬಿಗಿಯುತ್ತಿದ್ದಳು. ಇಬ್ಬರೂ ಮಾತಾಡದೆ ಮಾಡುತ್ತಿದ್ದ ಈ ಕೆಲಸವನ್ನು ನೋಡಿ ನೋಡಿ ಸೊಸೆಗೆ ಸಾಕಾಗಿತ್ತು.

"ಅತ್ತೆ, ಇನ್ನೊಂದು ಜೊತೆ ಕೊಡಿ, ಒಗೆಯೋಕೆ ಹಾಕ್ತೀನಿ. ಇದು ಬಿಚ್ಚಿ ಕಟ್ಟಿ ಸವೆದೇ ಹೋಯ್ತು."

ಒಂದು ವಿಷಯದಲ್ಲಿ ಮಾತ್ರ ತಾಯಿ ಮಗಳಿಗೆ ಜಗಳವಿರಲಿಲ್ಲ. ಅದು ಹ್ಯಾಂಡೋವರ್. ಒಬ್ಬರು ಎದ್ದು ಇನ್ನೊಬ್ಬರು ಕೂರುವಾಗ, ವಾರ್ಡಿನಲ್ಲಿ ಮಾಡುವ ಹಾಗೆಯೇ, ಮಂಚದ ಕಾಲುಗಳ ಕಡೆ ನಿಂತು ರೋಗಿಯ ಸ್ಥಿತಿಯನ್ನು ಒಪ್ಪಿಸಬೇಕು. ಅಮ್ಮ ಕೈ ಹಿಂದೆ ಕಟ್ಟಿಕೊಂಡು, "ಒಂದನೇ ಬೆಡ್" ಎಂದು ಶುರು ಮಾಡುತ್ತಿದ್ದಳು. ಮೊದಲನೇ ಲಕ್ವದ ಮೇಲೆ, ಮಾತು ಇನ್ನೂ ಇದ್ದಾಗ, ಅಪ್ಪ ಇದಕ್ಕೆ, "ಇರೋದೇ ಒಂದು ಬೆಡ್, ಅದಕ್ಕೊಂದು ನಂಬರ್ ಬೇರೆ" ಎಂದು ಗೊಣಗುತ್ತಿದ್ದ. ಹೊಟ್ಟೆಗೆ ಎಷ್ಟು ಹೋಯಿತು, ಮೂತ್ರ ಎಷ್ಟಾಯಿತು, ಯಾವ ಮಗ್ಗುಲಿಗೆ ಮಲಗಿಸಿದೆ, ಬೆನ್ನು ಹೇಗಿದೆ. ಇದನ್ನೆಲ್ಲ ಬರೆದಿಡಬಾರದೇ ಎಂದು ಮಗ ಕೇಳಿದ್ದಕ್ಕೆ ಅಮ್ಮ, "ಇದು ಮನೆ ಕಣೋ. ಬಾಯಿಮಾತು ಸಾಕು" ಎಂದಿದ್ದಳು. ಹ್ಯಾಂಡೋವರಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಇಬ್ಬರೂ ಅದನ್ನು ಉಸಿರಾಟದ ಹಾಗೆ ನಂಬಿದ್ದವರು.

ಸುಳ್ಳು ಮೊದಲು ಹೇಳಿದ್ದು ಮಗಳು. ತನ್ನ ಸರದಿಯಲ್ಲಿ ಅವಳು ಅರ್ಧ ಹಾಲು ಮಾತ್ರ ಕೊಟ್ಟು, ಉಳಿದದ್ದನ್ನು ಸಿಂಕಿಗೆ ಸುರಿದು, "ಒಂದನೇ ಬೆಡ್. ಪೂರ್ತಿ ಹೋಗಿದೆ" ಎಂದು ಒಪ್ಪಿಸಿದಳು. ಟ್ಯೂಬ್ ತೆಗೆಯುವ ಧೈರ್ಯ ಅವಳಿಗಿರಲಿಲ್ಲ, ತುಂಬಿಸುವ ಮನಸ್ಸೂ ಇರಲಿಲ್ಲ. ಅರ್ಧ ಕೊಟ್ಟರೆ ಅಪ್ಪನಿಗೂ ಹಗುರ, ಅಮ್ಮನಿಗೂ ಸಮಾಧಾನ ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ, ಎದುರು ನಿಂತು ಜಗಳವಾಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಆ ದಿನಗಳಲ್ಲಿ ಮನೆಯವರೆಲ್ಲ ಕಳ್ಳರ ಹಾಗೆ ಊಟ ಮಾಡುತ್ತಿದ್ದರು. ಅಡುಗೆಯ ವಾಸನೆ ಅಪ್ಪನ ಕೋಣೆಗೆ ಹೋಗಬಾರದೆಂದು ಅಮ್ಮ ಕರಿಯುವುದನ್ನು, ಹುರಿಯುವುದನ್ನು ನಿಲ್ಲಿಸಿಬಿಟ್ಟಿದ್ದಳು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಸಪ್ಪೆ ಸಾರು. ಅಮ್ಮ ಸಿಂಕಿನ ಪಕ್ಕ ನಿಂತೇ ತಿಂದು ಕೈ ತೊಳೆಯುತ್ತಿದ್ದಳು.

"ಕೂತ್ಕೊಂಡು ತಿನ್ನಮ್ಮ," ಎಂದ ಮಗ ಒಂದು ದಿನ.

"ಅವರು ಅಲ್ಲಿ ಪೈಪಲ್ಲಿ ಕುಡೀತಿರೋವಾಗ ನಾನು ಇಲ್ಲಿ ಕಾಲು ಚಾಚ್ಕೊಂಡು ತಿನ್ಲಾ?"

"ನೀನು ನಿಂತು ತಿಂದ್ರೆ ಅಪ್ಪಂಗೆ ಹೊಟ್ಟೆ ತುಂಬತ್ತಾ? ಅಂಗಡಿಯಿಂದ ಬಂದ್ರೆ ಈ ಮನೇಲಿ ಒಂದು ತುತ್ತು ರುಚಿಯಾಗಿ ಸಿಗಲ್ಲ."

"ನಿನಗೆ ನಾಲಿಗೆ ಚಿಂತೆ."

"ಇರಲಿ ಬಿಡಿ ಅತ್ತೆ, ಅವರಿಗೆ ಹಸಿವಾಗಿದೆ," ಎಂದು ಸೊಸೆ ಮಧ್ಯೆ ಬಂದಳು. ಮಾತು ಬದಲಿಸಬೇಕೆಂದು, "ಸಿಂಕು ಬೇರೆ ಕಟ್ಕೊಂಡಿದೆ. ಇವತ್ತು ಬಿಚ್ಚಿ ನೋಡಿದ್ರೆ ಒಳಗೆಲ್ಲ ಹಾಲಿನ ಕೆನೆ. ಯಾರು ಸುರೀತಿದಾರೋ" ಎಂದುಬಿಟ್ಟಳು.

ಅಮ್ಮ ಸಿಂಕಿನ ಕಡೆ ನೋಡಿದಳು. ಅವಳಿಗೆ ತಕ್ಷಣ ಅರ್ಥವಾಗಿತ್ತು. ಮಗಳನ್ನು ಕರೆದು ನಾಲ್ಕು ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೀದಿಯವರನ್ನೆಲ್ಲ ಬಾಯಿಗೆ ಬಂದಂತೆ ಬೈಯುವ ದೊಡ್ಡ ಸಿಸ್ಟರ್ ಮನೆಯಲ್ಲಿ ತುಟಿ ಬಿಗಿದುಕೊಂಡಳು. ಮಗಳು ಕೊಡದೆ ಉಳಿಸಿದ ಅರ್ಧವನ್ನು ತನ್ನ ಸರದಿಯಲ್ಲಿ ಸೇರಿಸಿ ಕೊಡತೊಡಗಿದಳು. ಹ್ಯಾಂಡೋವರಿನಲ್ಲಿ, "ಮಾಮೂಲಿನಷ್ಟೇ ಹೋಗಿದೆ" ಎಂದಳು. ಹೀಗೆ ಒಂದೇ ಮಂಚದ ಎದುರು ನಿಂತು ಇಬ್ಬರು ನರ್ಸುಗಳು ಒಬ್ಬರಿಗೊಬ್ಬರು ಸುಳ್ಳು ಒಪ್ಪಿಸುತ್ತಾ, ಸುಳ್ಳು ಸ್ವೀಕರಿಸುತ್ತಾ ವಾರ ಕಳೆದರು.

ವಾರ್ಡಿನ ಟೀ ಕೋಣೆಯಲ್ಲಿ ಮಗಳು ವಿಷಯ ಎತ್ತಿದಳು. ಅಲ್ಲಿ ಟೀ ಯಾವಾಗಲೂ ಆರಿಹೋಗಿರುತ್ತದೆ, ಕುಡಿಯುವವರಿಗೆ ಅದರ ಪರಿವೆಯೂ ಇರುವುದಿಲ್ಲ.

"ಬೇರೆಯವರ ಮನೆಯವರಿಗೆ ನಾನೇ ಹೇಳ್ತೀನಿ ಡ್ರಿಪ್ ಬೇಡ ಅಂತ," ಎಂದಳು ಎಲ್ಲರೂ ಕುಳ್ಳಿ ಎಂದು ಕರೆಯುವ ಸಿಸ್ಟರ್. "ನಮ್ಮಮ್ಮಂಗೆ ಆದ್ರೆ ಹಾಕ್ತೀನಿ. ಪ್ರಯೋಜನ ಇಲ್ಲ ಅಂತ ಗೊತ್ತಿದ್ದೂ ಹಾಕ್ತೀನಿ. ನೀರು ಕೊಡ್ಲಿಲ್ಲ ಅಂತ ಅನ್ನಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಯಾರ ಹತ್ರ ಅನ್ನಿಸ್ಕೊಳ್ಳೋಕೆ?"

"ನನ್ನ ಹತ್ರಾನೇ."

ಮೂಲೆಯಲ್ಲಿದ್ದ ಬ್ರದರ್, ಆ ವಾರ್ಡಿನ ಹಿರಿಯ ಗಂಡು ನರ್ಸ್, ಲೋಟದ ತಳ ನೋಡುತ್ತಾ ಹೇಳಿದ: "ನಮ್ಮಪ್ಪಂಗೆ ನಾನು ಹಾಕಿಸ್ಲಿಲ್ಲ. ನೆಮ್ಮದಿಯಾಗೇ ಹೋದ. ಆದ್ರೂ ಊಟಕ್ಕೆ ಕೂತಾಗ ನೆನಪಾಗತ್ತೆ. ಹಾಕಿಸಿದ್ರೂ ನೆನಪಾಗ್ತಿತ್ತು ಅನ್ಸತ್ತೆ."

"ಹಾಗಾದ್ರೆ ನಾನೇನು ಮಾಡ್ಲಿ?"

"ನಿಮ್ಮಮ್ಮನ ಹತ್ರ ಮಾತಾಡು. ನಮ್ಮ ಹತ್ರ ಯಾಕೆ ಮಾತಾಡ್ತಿದೀಯ?"

ಮಾತಾಡುತ್ತೇನೆ ಎಂದುಕೊಂಡೇ ಮನೆಗೆ ಬಂದಳು. ಅಮ್ಮ ಅಪ್ಪನ ಮಂಚದ ಪಕ್ಕ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ನಾಳೆ ನೋಡೋಣ ಎಂದು ಮಗಳು ಸುಮ್ಮನಾದಳು.

ಆ ನಾಳೆ ಬಂದಾಗ ಅಮ್ಮ ಪಿಂಚಣಿ ಕಚೇರಿಗೆ ಹೋಗಬೇಕಿತ್ತು. ತಾನಿನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಅಲ್ಲಿ ಮುಖ ತೋರಿಸಿ ಬರಬೇಕು. ಹೊರಡುವ ಮೊದಲು, ತಾನಿಲ್ಲದ ಹೊತ್ತಿನಲ್ಲಿ ಹೇಗೂ ಅರ್ಧವೇ ಸಿಗುವುದು ಎಂದು ಅಪ್ಪನಿಗೆ ಯಾವಾಗಲೂ ಕೊಡುವುದಕ್ಕಿಂತ ಹೆಚ್ಚೇ ಕೊಟ್ಟಳು. ಆಮೇಲೆ, ಮಗಳು ಆ ಅರ್ಧವನ್ನೂ ಮುಂದೂಡಬಾರದೆಂದು, ಮಂಚದ ಕಾಲ ಕಡೆ ನಿಂತು, "ಒಂದನೇ ಬೆಡ್. ಬೆಳಗ್ಗೆದು ಮಾಮೂಲಿನಷ್ಟೇ ಹೋಗಿದೆ, ಹೋಗಿ ಬಹಳ ಹೊತ್ತಾಯ್ತು. ಮುಂದಿನದು ನಿಂದು" ಎಂದು ಒಪ್ಪಿಸಿ ಬ್ಯಾಗು ತೆಗೆದುಕೊಂಡಳು.

ಮಗಳು ಹಾಲಿನ ಲೋಟ ಹಿಡಿದು ಬಂದಾಗ ಅಪ್ಪ ಕಣ್ಣು ತೆರೆದಿದ್ದ. ಎಷ್ಟೋ ದಿನಗಳ ಮೇಲೆ ಅವಳನ್ನೇ ನೋಡಿದ. ಕಾಲುಚೀಲ ತೊಟ್ಟ ಕೈ ನಿಧಾನವಾಗಿ ಮೇಲೆದ್ದು ಮುಖದ ಹತ್ತಿರ ಬಂತು. ಟ್ಯೂಬ್ ತೆಗೆ ಅಂದನೋ, ಹಸಿವು ಅಂದನೋ. ಅವಳು ಇಷ್ಟು ವರ್ಷ ನೋಡಿದ ಯಾವ ರೋಗಿಯೂ ಅವಳಿಗೆ ಇದನ್ನು ಕಲಿಸಿರಲಿಲ್ಲ. ಹಸಿವೇ ಇರಬೇಕು, ಇಷ್ಟು ದಿನ ಅರ್ಧ ಹೊಟ್ಟೆಯಲ್ಲಿ ಇಟ್ಟಿದ್ದೇನಲ್ಲ ಎಂದು ಅವಳಿಗೆ ಅನ್ನಿಸಿತು. ಆ ಹೊತ್ತು ಅವಳು ಮಗಳು ಮಾತ್ರ ಆಗಿದ್ದಳು. ಲೋಟದ ಹಾಲನ್ನು ಒಂದು ತೊಟ್ಟೂ ಬಿಡದೆ ಕೊಟ್ಟಳು. ಕೊಡುವ ಮೊದಲು ಸಿರಿಂಜಿನಿಂದ ಎಳೆದು, ಹೊಟ್ಟೆಯಲ್ಲಿ ಹಿಂದಿನದು ಉಳಿದಿದೆಯೇ ಎಂದು ನೋಡಬೇಕು. ವಾರ್ಡಿನಲ್ಲಿ ಒಮ್ಮೆಯೂ ತಪ್ಪಿಸಿದವಳಲ್ಲ. ಇಲ್ಲಿ ನೋಡಲಿಲ್ಲ. ಅಮ್ಮನೇ ಒಪ್ಪಿಸಿ ಹೋದ ಮೇಲೆ ನೋಡುವುದೇನು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಎಲ್ಲವೂ ವಾಪಸ್ಸು ಬಂತು. ಬಾಯಿಂದ, ಮೂಗಿಂದ. ಸೊಸೆ ಹೊಲಿಗೆ ಬಿಟ್ಟು ಓಡಿ ಬಂದು ಬೇಸಿನ್ ಹಿಡಿದಳು. ಮಗಳು ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿದ್ದದ್ದನ್ನು ತೆಗೆದಳು, ಗಂಟಲಲ್ಲಿದ್ದದ್ದನ್ನು ಎಳೆದಳು. ಆದರೂ ಅಷ್ಟರಲ್ಲಿ ಒಂದಿಷ್ಟು ಎದೆಗೆ ಇಳಿದಿತ್ತು. ಉಸಿರಿನ ಜೊತೆ ಗೊರಗೊರ ಸದ್ದು ಶುರುವಾಯಿತು.

ಅಮ್ಮ ಬಾಗಿಲಲ್ಲಿ ಕಾಲಿಟ್ಟಾಗಲೇ ಆ ಸದ್ದು ಕೇಳಿಸಿತು. ಬ್ಯಾಗು ನೆಲಕ್ಕೆ ಬಿತ್ತು.

"ಎಷ್ಟು ಕೊಟ್ಟೆ?"

"ಪೂರ್ತಿ."

"ಪೂರ್ತಿನಾ? ಯಾವತ್ತೂ ಅರ್ಧ ಕೊಡೋಳು ಇವತ್ತು ಯಾಕೆ ಪೂರ್ತಿ ಕೊಟ್ಟೆ?"

ಮಗಳು ತಲೆಯೆತ್ತಿ ನೋಡಿದಳು. "ಅರ್ಧ ಕೊಡೋದು ನಿನಗೆ ಹೇಗೆ ಗೊತ್ತು?"

ಅಮ್ಮ ಬಗ್ಗಿ ಅಪ್ಪನ ತಲೆದಿಂಬು ಎತ್ತರಿಸಿದಳು.

"ನೀನು ಎಷ್ಟು ಕೊಟ್ಟು ಹೋಗಿದ್ದೆ? ಅಮ್ಮಾ, ನಿಜ ಹೇಳು."

"ಹೆಚ್ಚೇ ಕೊಟ್ಟಿದ್ದೆ. ಹೊರಡೋಕೆ ಸ್ವಲ್ಪ ಮುಂಚೆ."

"ಹ್ಯಾಂಡೋವರಲ್ಲಿ ಮಾಮೂಲಿ ಅಂದೆಯಲ್ಲ. ಬಹಳ ಹೊತ್ತಾಯ್ತು ಅಂದೆಯಲ್ಲ."

"ನೀನು ದಿನಾ ಪೂರ್ತಿ ಹೋಯ್ತು ಅಂತ ಒಪ್ಪಿಸಿಲ್ವಾ?"

ಸೊಸೆ ಬೇಸಿನ್ ಹಿಡಿದುಕೊಂಡೇ ನಿಂತಿದ್ದಳು. "ಇಬ್ರೂ ಸುಳ್ಳು ಹೇಳಿದೀರಿ," ಎಂದಳು. "ಮಾವ ಒಬ್ರೇ ನಿಜ ಹೇಳಿದ್ದು. ಎರಡು ಸಲ ಕಿತ್ತು ಹಾಕಿದ್ರಲ್ಲ." ಹೇಳಿ, ಬೇಸಿನ್ ತೊಳೆಯಲು ಹೋದಳು.

ಮಗ ಅಂಗಡಿಗೆ ಬೀಗ ಹಾಕಿ ಓಡಿ ಬಂದ. ಆ್ಯಂಬುಲೆನ್ಸ್ ಕರೆಯುತ್ತೇನೆ ಎಂದ. ಡಾಕ್ಟರಿಗೆ ಫೋನ್ ಮಾಡಿದರೆ ಅವರು, ಕರೆತಂದರೆ ಮತ್ತೆ ಅದೇ ಟ್ಯೂಬು, ಅದೇ ಡ್ರಿಪ್ಪು, ಬೇಕಿದ್ದರೆ ತನ್ನಿ ಎಂದರು. ಅಮ್ಮ ಹಳೆಯ ಸ್ಟೆತಾಸ್ಕೋಪ್ ತಂದು ಅಪ್ಪನ ಎದೆಯ ಮೇಲಿಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಹೊದಿಕೆ ಸರಿಸಿ ಕಾಲನ್ನು ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಅಲ್ಲಿ ಗುಂಡಿ ಹಾಗೇ ನಿಂತಿತು. ಆ ಊದಿದ ಕಾಲನ್ನು ಅವಳೇ ದಿನವೂ ಒರೆಸುತ್ತಿದ್ದಳು. ಮಲಗೇ ಇರುವುದರಿಂದ ಹೀಗೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಬೇರೆ ಯಾರದಾದರೂ ಕಾಲಾಗಿದ್ದರೆ ಮೊದಲ ದಿನವೇ ಹಾಲು ನಿಲ್ಲಿಸಿ ಅಂದಿರುತ್ತಿದ್ದಳು.

"ಎಲ್ರೂ ಇಲ್ಲಿ ಬನ್ನಿ," ಎಂದಳು. "ಹಾಕೋವಾಗ ಯಾರನ್ನೂ ಕೇಳದೆ ಹಾಕ್ದೆ. ತೆಗೆಯೋದನ್ನಾದ್ರೂ ನಿಮ್ಮೆದುರಿಗೆ ತೆಗೀತೀನಿ."

ಪ್ಲಾಸ್ಟರನ್ನು ನೀರು ಹಚ್ಚಿ ಮೆತ್ತಗೆ ಮಾಡಿ ಬಿಡಿಸಿದಳು. ಟ್ಯೂಬ್ ಒಂದೇ ಸಲಕ್ಕೆ, ನೋವಾಗದ ಹಾಗೆ ಎಳೆದಳು. ಕಾಲುಚೀಲದ ಗಂಟು ಬಿಚ್ಚಿದಳು. ಅಪ್ಪನ ಕೈ ಒಳಗೆ ಬೆವತು ಬೆಳ್ಳಗಾಗಿತ್ತು.

"ಹಾಗಾದ್ರೆ ಡ್ರಿಪ್ಪಾದ್ರೂ ಹಾಕ್ರಮ್ಮ," ಎಂದ ಮಗ. "ಹಸಿದು ಸಾಯ್ಲಿ ಅಂತ ಬಿಡ್ತೀರಾ?"

"ಎದೇಲಿ ಈಗಾಗ್ಲೇ ನೀರಿದೆ ಕಣೋ. ಮೇಲಿಂದ ಸುರಿದ್ರೆ ಉಸಿರು ಕಟ್ಕೊಳ್ಳತ್ತೆ. ಆ ಸದ್ದು ಇನ್ನೂ ಜಾಸ್ತಿ ಕೇಳ್ಬೇಕಾ ನಿನಗೆ?"

"ಅಕ್ಕ ಹೇಳಿದ್ದೇ ಸರಿ ಅಂತ ಒಪ್ಕೊಂಡಂಗಾಯ್ತು."

"ಒಪ್ಕೊಂಡಿಲ್ಲ," ಎಂದಳು ಅಮ್ಮ. "ನನಗಿನ್ನೂ ಹೊಟ್ಟೆ ಉರೀತಿದೆ. ಬೇರೆ ದಾರಿ ಕಾಣ್ತಿಲ್ಲ, ಅಷ್ಟೆ."

ಆ ಸಂಜೆ ಅಡುಗೆಮನೆಯಲ್ಲಿ ಮಗಳು ಹಾಲಿನ ಪಾತ್ರೆ ಉಜ್ಜುತ್ತಿದ್ದಳು. ಉಜ್ಜಿದ್ದನ್ನೇ ಉಜ್ಜುತ್ತಿದ್ದಳು. ಅಮ್ಮ ಹಿಂದೆ ಬಂದು ನಿಂತಳು.

"ನಾನು ಕೊಟ್ಟಿದ್ದಕ್ಕೇ ಅಪ್ಪಂಗೆ ಹೀಗಾಯ್ತು," ಎಂದಳು ಮಗಳು, ತಿರುಗದೆ. "ಬೇಡ ಬೇಡ ಅಂತಿದ್ದ ನಾನೇ ಕೊಟ್ಟೆ. ಎಳೆದು ನೋಡ್ಲೂ ಇಲ್ಲ."

"ಯಾಕೆ ನೋಡ್ಲಿಲ್ಲ?"

"ನೀನು ಹೇಳಿದ್ದೆಯಲ್ಲ."

ಅಮ್ಮ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ನೀರು ಬಿಟ್ಟು ತೊಳೆದಳು. "ನಾನೂ ಕೊಟ್ಟೆ, ನೀನೂ ಕೊಟ್ಟೆ. ಯಾರು ಕೊಟ್ಟಿದ್ದು ಎದೆಗೆ ಹೋಯ್ತು ಅಂತ ಯಾರಿಗೆ ಗೊತ್ತು? ಇಬ್ರೂ ಹೊತ್ಕೊಳ್ಳೋಣ." ಪಾತ್ರೆ ಬೋರಲು ಹಾಕಿದಳು. "ನಿಮ್ಮ ವಾರ್ಡಲ್ಲಿ ಟ್ಯೂಬ್ ಇಲ್ದೇ ಇರೋರಿಗೆ ಊಟದ ಹೊತ್ತಲ್ಲಿ ಏನು ಮಾಡ್ತೀರಿ?"

"ಬಾಯಿ ಒದ್ದೆ ಮಾಡ್ತೀವಿ. ತುಟಿಗೆ ಏನಾದ್ರೂ ಸವರ್ತೀವಿ. ಪಕ್ಕದಲ್ಲಿ ಕೂತ್ಕೋತೀವಿ."

"ಅಷ್ಟೇನಾ?"

"ಅಷ್ಟೆ."

"ಅದು ಕಷ್ಟದ ಕೆಲಸ," ಎಂದಳು ಅಮ್ಮ.

ಮರುದಿನ ಅವಳು ಬಾಗಿಲುಗಳನ್ನೆಲ್ಲ ತೆರೆದಿಟ್ಟಳು. ಸೊಸೆಗೆ, ಈರುಳ್ಳಿ ಹುರಿ, ನಿನ್ನ ಗಂಡ ಸಪ್ಪೆ ತಿಂದು ತಿಂದು ಸೊರಗಿದಾನೆ ಎಂದಳು. ವಾಸನೆ ಮನೆಯೆಲ್ಲ ಹರಡಿತು. ತಟ್ಟೆ ಹಾಕಿಕೊಂಡು ಬಂದು ಅಪ್ಪನ ಪಕ್ಕದಲ್ಲೇ ಕುಳಿತು ಊಟ ಮಾಡಿದಳು. ಮಧ್ಯೆ ಮಧ್ಯೆ ಹತ್ತಿಯನ್ನು ನೀರಲ್ಲಿ ಅದ್ದಿ ಅವನ ತುಟಿಗೆ ಒತ್ತುತ್ತಿದ್ದಳು. ಅಪ್ಪ ಹತ್ತಿಯನ್ನು ಒಮ್ಮೆ ಚೀಪಿದ, ಆಮೇಲೆ ಬಿಟ್ಟ. ಬರಿಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ನಾನು ಸಂಜೆ ಡ್ಯೂಟಿ ಮುಗಿಸಿ ಬರೋವರೆಗೆ ನಿಮ್ಮಪ್ಪ ತಟ್ಟೆ ಮುಚ್ಚಿಟ್ಕೊಂಡು ಕಾಯ್ತಿದ್ರು," ಎಂದಳು ಮಗಳಿಗೆ. "ಬಸ್ಸು ಓಡಿಸಿ ಸುಸ್ತಾಗಿದ್ರೂ ಸರಿ. ಮೊದಲೇ ತಿನ್ನಿ ಅಂದ್ರೆ, ಪ್ಯಾಸೆಂಜರ್ ಬಿಟ್ಟು ಗಾಡಿ ಹೊರಡಲ್ಲ ಅನ್ನೋರು. ನಾನು ಅವರನ್ನ ಬಿಟ್ಟು ಹೇಗೆ ತಿನ್ಲಿ ಅಂತ ಟ್ಯೂಬ್ ಹಾಕ್ದೆ ಕಣೆ. ಇನ್ನೇನೂ ಅಲ್ಲ."

ಮಗಳು ತನ್ನ ತಟ್ಟೆಯನ್ನೂ ಅಲ್ಲಿಗೇ ತಂದಳು. ಮಗ ಮೊದಲು ಬಾಗಿಲಲ್ಲಿ ನಿಂತು ಉಂಡ. ಎರಡು ದಿನ ಕಳೆದ ಮೇಲೆ ಅವನೂ ಒಳಗೆ ಬಂದು ಕುಳಿತ. ಎದೆಯ ಸದ್ದು ನಿಧಾನವಾಗಿ ಕಡಿಮೆಯಾಯಿತು, ಕಾಲಿನ ಊತ ಇಳಿಯಿತು. ಅಪ್ಪ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಿದ್ದ.

ಹ್ಯಾಂಡೋವರ್ ಮಾತ್ರ ನಿಲ್ಲಲಿಲ್ಲ. ಒಪ್ಪಿಸುವುದಕ್ಕೆ ಈಗ ಹೆಚ್ಚೇನೂ ಇರುತ್ತಿರಲಿಲ್ಲ. "ಏನೂ ಕೊಟ್ಟಿಲ್ಲ" ಎನ್ನುವಾಗ ಪ್ರತಿ ಸಲವೂ ಅಮ್ಮ ಒಂದು ಕ್ಷಣ ತಡೆಯುತ್ತಿದ್ದಳು.

ಒಂದು ಬೆಳಿಗ್ಗೆ ಮಗಳು ಡ್ಯೂಟಿಯಿಂದ ಬಂದಾಗ ಅಮ್ಮ ಮಂಚದ ಕಾಲ ಕಡೆ ಆಗಲೇ ನಿಂತಿದ್ದಳು. ಕೈ ಹಿಂದೆ ಕಟ್ಟಿಕೊಂಡಿದ್ದಳು. ಹೊದಿಕೆ ಎದೆಯವರೆಗೆ ಎಳೆದಿತ್ತು, ಅಪ್ಪನ ತಲೆ ಬಾಚಿತ್ತು. ಅಡುಗೆಮನೆಯಲ್ಲಿ ಸೊಸೆಯ ಸದ್ದು ಇನ್ನೂ ಎದ್ದಿರಲಿಲ್ಲ.

"ಒಂದನೇ ಬೆಡ್," ಎಂದಳು ಅಮ್ಮ. "ಎಡ ಮಗ್ಗುಲಿಗೆ ಮಲಗಿಸಿದ್ದೆ. ಬೆನ್ನು ಚೆನ್ನಾಗಿದೆ, ಎಲ್ಲೂ ಹುಣ್ಣಿಲ್ಲ. ಹೊಟ್ಟೆಗೆ ಏನೂ ಕೊಟ್ಟಿಲ್ಲ. ಬಾಯಿ ಒದ್ದೆ ಮಾಡ್ತಾ ಇದ್ದೆ. ಬೆಳಕು ಹರಿಯೋ ಹೊತ್ತಿಗೆ ಉಸಿರು ದೂರ ದೂರ ಆಯ್ತು. ಆಮೇಲೆ ನಿಂತೋಯ್ತು. ಕಷ್ಟಪಡಲಿಲ್ಲ."

ಮಗಳು ಬ್ಯಾಗು ಹಿಡಿದುಕೊಂಡೇ ನಿಂತಿದ್ದಳು.

"ನಾನು ಹೇಳ್ದೆ ಅಂತ ನಂಬ್ಬೇಡ," ಎಂದಳು ಅಮ್ಮ. "ನೋಡು."

ಮಗಳು ಹತ್ತಿರ ಹೋಗಿ ಅಪ್ಪನ ಬಲಗೈ ಎತ್ತಿಕೊಂಡಳು. ಮಣಿಕಟ್ಟಿನಲ್ಲಿ ಕಾಲುಚೀಲದ ಗಂಟಿನ ಗುರುತು ಇನ್ನೂ ಮಸುಕಾಗಿ ಉಳಿದಿತ್ತು. ಅದರ ಮೇಲೇ ಬೆರಳಿಟ್ಟು ಕಾದಳು. ಎದೆಯ ಮೇಲೆ ಕಿವಿಯಿಟ್ಟಳು. ಕಣ್ಣು ನೋಡಿದಳು. ಬೆನ್ನಿನ ಕೆಳಗೆ ಕೈ ಹಾಕಿ ನೋಡಿದಳು. ತುಟಿ ಇನ್ನೂ ಒದ್ದೆಯಾಗಿತ್ತು. ಅಮ್ಮ ಒಪ್ಪಿಸಿದ್ದೆಲ್ಲ ನಿಜವಾಗಿತ್ತು.

"ಸರಿ ಇದೆ ಅಮ್ಮ," ಎಂದಳು ಮಗಳು. "ಇನ್ನು ನಾನು ನೋಡ್ಕೋತೀನಿ. ನಿನ್ನ ಡ್ಯೂಟಿ ಮುಗೀತು."

ಅಮ್ಮ ಹಿಂದೆ ಕಟ್ಟಿದ್ದ ಕೈಗಳನ್ನು ಬಿಚ್ಚಿದಳು. ಅವನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ನೋಡಿದಳು.

"ಡ್ಯೂಟಿ ಮುಗಿಸಿ ಬಂದ ಮೇಲೆ ನಾನು ಒಬ್ಬಳೇ ಯಾವತ್ತೂ ಊಟ ಮಾಡಿಲ್ಲ ಕಣೆ," ಎಂದಳು.